ಎರಡು ಕ್ಲಚ್, ಒಂದು ಘಾಟಿ ಮತ್ತು ಅಪ್ಪನ ಎಡಗಾಲು

ಅಪ್ಪನ ಎಡಮೊಣಕಾಲಿಗೆ ಆಪರೇಷನ್ ಆಗಿ ಎಂಟು ತಿಂಗಳಾಯ್ತು. ಈಗ ಆರಾಮಾಗಿ ನಡೀತಾರೆ, ತೋಟ ಒಂದು ಸುತ್ತು ಹಾಕಿ ಬರ್ತಾರೆ. ಆದರೆ ಕಾರು ಮಾತ್ರ ಮುಟ್ಟಲ್ಲ. ಸಕಲೇಶಪುರದ ಪೇಟೆಯಲ್ಲಿ ಸಂತೆ ದಿನ ಹತ್ತು ನಿಮಿಷಕ್ಕೆ ನಲವತ್ತು ಸಲ ಕ್ಲಚ್ ತುಳಿಯೋದು ಅವರ ಕಾಲಿಗೆ ಆಗ್ತಾ ಇಲ್ಲ. ಇಪ್ಪತ್ತೆಂಟು ವರ್ಷ ತಾವೇ ಓಡಿಸಿದ ಮನುಷ್ಯ ಈಗ ಔಷಧಿ ತರೋಕೂ ಪಕ್ಕದ ಮನೆಯವರನ್ನ ಕೇಳಬೇಕು. ಕೇಳೋಕೆ ಸಂಕೋಚ ಅಂತ ಎಷ್ಟೋ ಸಲ ಹೋಗೋದನ್ನೇ ಬಿಟ್ಟಿದ್ದಾರೆ.

ಹೋದ ತಿಂಗಳು ಮಂಗಳೂರಿನ ಸೋದರಮಾವ ಫೋನ್ ಮಾಡಿದ್ರು. "ನನ್ನ ಕಾರು ಕೊಡ್ತಾ ಇದ್ದೀನಿ ಕಣೋ. ಆಟೋಮ್ಯಾಟಿಕ್ಕು, ಡೀಸೆಲ್ಲು. ಭಾವನಿಗೆ ಸರಿಹೋಗಬಹುದು. ಹೊರಗಿನವರಿಗೆ ಕೊಡೋ ಮುಂಚೆ ನೀನು ಒಂದ್ಸಲ ಓಡಿಸಿ ನೋಡು. ಮೆಕ್ಯಾನಿಕಲ್ ಓದ್ತಾ ಇದ್ದೀಯಲ್ಲ, ಏನಾದ್ರೂ ಗೊತ್ತಾಗುತ್ತೋ ನೋಡೋಣ."

ಕೊನೆಯ ಆ ಮಾತು ಸ್ವಲ್ಪ ಚುಚ್ಚಿತು. ಯಾಕಂದ್ರೆ ಅದರ ಹಿಂದಿನ ವಾರವಷ್ಟೇ ವೈವಾದಲ್ಲಿ ಮೇಡಂ "ಡಬಲ್ ಡಿಕ್ಲಚಿಂಗ್, ಡ್ಯುಯಲ್ ಕ್ಲಚ್ ಎರಡೂ ಒಂದೇನಾ?" ಅಂತ ಕೇಳಿದ್ರು. ನಾನು ಧೈರ್ಯವಾಗಿ "ಹೌದು ಮೇಡಂ" ಅಂದಿದ್ದೆ. ನಿಮ್ಮಲ್ಲಿ ಯಾರಾದ್ರೂ ಹಾಗೇ ಅಂದುಕೊಂಡಿದ್ರೆ ಈ ಲೇಖನ ನಿಮಗೇ. ಮೊದಲನೆಯದು ಹಳೇ ಲಾರಿ ಡ್ರೈವರುಗಳ ಕಾಲಿನ ಚಳಕ: ಒಂದು ಗೇರ್ ಬದಲಿಸೋಕೆ ಒಂದೇ ಕ್ಲಚ್ಚನ್ನ ಎರಡು ಸಲ ತುಳಿಯೋದು. ಎರಡನೆಯದು ಗೇರ್‌ಬಾಕ್ಸಿನ ಒಳಗೇ ನಿಜವಾಗಿ ಎರಡು ಕ್ಲಚ್ ಇರೋದು. ಇವೆರಡಕ್ಕೂ ಸಂಬಂಧ ಇಲ್ಲ.

ಕಾರು ಯಾವುದು?

ಮರ್ಸಿಡಿಸ್-ಬೆಂಜ್ ಎ 180 ಸಿಡಿಐ. ಹೆಸರು ಕೇಳಿ ಹುಬ್ಬೇರಿಸಬೇಡಿ, ಮಾವ ತಗೊಂಡಿದ್ದೇ ಸೆಕೆಂಡ್ ಹ್ಯಾಂಡ್. ಈ ಎ-ಕ್ಲಾಸ್ ಭಾರತಕ್ಕೆ ಬಂದದ್ದು 2013ರ ಮೇ ತಿಂಗಳಲ್ಲಿ. ಡೀಸೆಲ್ ಎಂಜಿನ್ 2,143 ಸಿಸಿ, ಪವರ್ 109 ಪಿಎಸ್, ಟಾರ್ಕ್ 250 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಏಳು ಗೇರಿನ ಡ್ಯುಯಲ್ ಕ್ಲಚ್, ಅದರಲ್ಲೂ ಎಣ್ಣೆಯಲ್ಲಿ ಮುಳುಗಿರೋ 'ವೆಟ್ ಕ್ಲಚ್' ಜಾತಿಯದ್ದು.

ಡೀಸೆಲ್ ಹ್ಯಾಚ್‌ಬ್ಯಾಕ್ ಜೊತೆಗೆ ಡ್ಯುಯಲ್ ಕ್ಲಚ್ ಅನ್ನೋ ಜೋಡಿ ನಮ್ಮ ದೇಶದಲ್ಲಿ ಅಪರೂಪ. ಯುರೋಪಿನಲ್ಲಿ ಗಾಲ್ಫ್‌ನಂಥ ಕಾರುಗಳಲ್ಲಿ ವರ್ಷಗಟ್ಟಲೆ ಇದು ಮಾಮೂಲಾಗಿತ್ತು. ಇಲ್ಲಿ ಪೋಲೊ ಜಿಟಿಗೆ ಡ್ಯುಯಲ್ ಕ್ಲಚ್ ಬಂತು, ಆದರೆ ಪೆಟ್ರೋಲಿಗೆ. ಆಲ್ಟ್ರೋಜ್‌ಗೆ 2022ರಲ್ಲಿ ಬಂತು, ಅದೂ ಪೆಟ್ರೋಲಿಗೇ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಜಾರಿಗೆ ಬಂದಾಗ ಸಣ್ಣ ಡೀಸೆಲ್ ಎಂಜಿನ್ನುಗಳನ್ನ ಒಂದಾದ ಮೇಲೊಂದು ಕಂಪನಿ ಕೈಬಿಟ್ಟಿತು. ಹಾಗಾಗಿ ಈ ಜೋಡಿ ಬೇಕು ಅಂದ್ರೆ ಹಳೇ ಕಾರನ್ನೇ ಹುಡುಕಬೇಕು.

ಮೊದಲ ಹತ್ತು ಕಿಲೋಮೀಟರ್: ಅವಮಾನದ ಅಧ್ಯಾಯ

ಭಾನುವಾರ ಬೆಳಿಗ್ಗೆ ಮಂಗಳೂರಿಂದ ಹೊರಟೆವು. ಪಕ್ಕದಲ್ಲಿ ಮಾವ, ಹಿಂದೆ ಅಮ್ಮ ಮತ್ತು ಅಜ್ಜಿ, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ. ಸಕಲೇಶಪುರಕ್ಕೆ ಸುಮಾರು 130 ಕಿಲೋಮೀಟರ್, ಮಧ್ಯೆ ಶಿರಾಡಿ ಘಾಟಿ.

ಕೂತ ತಕ್ಷಣ ಗೇರ್ ಲಿವರ್ ಹುಡುಕಿದೆ. ಸೀಟುಗಳ ನಡುವೆ ಏನೂ ಇಲ್ಲ. ಅದು ಸ್ಟೀರಿಂಗಿನ ಬಲಗಡೆ ಒಂದು ಸಣ್ಣ ಕಡ್ಡಿ. ಕೆಳಗೆ ಒತ್ತಿದ್ರೆ ಡ್ರೈವ್, ಮೇಲೆ ಒತ್ತಿದ್ರೆ ರಿವರ್ಸ್, ಮಧ್ಯದಲ್ಲಿ ನ್ಯೂಟ್ರಲ್, ತುದಿಯ ಗುಂಡಿ ಒತ್ತಿದ್ರೆ ಪಾರ್ಕ್. ಈಗ ಯೋಚನೆ ಮಾಡಿ, ನಾವು ಕಲಿತ ಮಾರುತಿಗಳಲ್ಲಿ ಬಲಗೈ ಕಡ್ಡಿ ಯಾವುದು? ಇಂಡಿಕೇಟರ್! ಎಡಕ್ಕೆ ತಿರುಗಬೇಕು ಅಂದ್ರೆ ಅದನ್ನ ಮೇಲಕ್ಕೆ ಎತ್ತುತ್ತೀವಿ. ಬಿ.ಸಿ. ರೋಡ್ ಹತ್ರ ಎಡಗಡೆಯ ಪೆಟ್ರೋಲ್ ಬಂಕಿಗೆ ತಿರುಗೋಕೆ ನಾನು ಅದನ್ನೇ ಮಾಡಿದೆ. ಕಾರು ನ್ಯೂಟ್ರಲ್‌ಗೆ ಹೋಯ್ತು. ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಬರೀ ಕೂಗಿತು, ಹಿಂದಿನ ಟೆಂಪೊದವನು ನನಗಿಂತ ಜೋರಾಗಿ ಕೂಗಿದ.

ಮಾವ ಏನೂ ಹೇಳಲಿಲ್ಲ. ಅಜ್ಜಿ ಮಾತ್ರ "ಇವನಿಗೆ ಲೈಸೆನ್ಸ್ ಕೊಟ್ಟೋರು ಯಾರು?" ಅಂದ್ರು.

ಒಳಗೆ ನಡೆಯೋದೇನು?

ಹೆದ್ದಾರಿಗೆ ಬಿದ್ದ ಮೇಲೆ ನಾನೂ ಗೇರ್‌ಬಾಕ್ಸೂ ಸ್ವಲ್ಪ ಸ್ನೇಹಿತರಾದೆವು. ಉಪ್ಪಿನಂಗಡಿ ಕಡೆಗೆ ಮೆಲ್ಲಗೆ ವೇಗ ಹೆಚ್ಚಿಸ್ತಾ ಹೋದೆ. ಆರ್‌ಪಿಎಂ ಮುಳ್ಳು ಎರಡು ಸಾವಿರದ ಹತ್ರ ಹೋಗುತ್ತೆ, ಸ್ವಲ್ಪ ಇಳಿಯುತ್ತೆ, ಮತ್ತೆ ಏರುತ್ತೆ. ಗೇರ್ ಬದಲಾಗಿದ್ದು ಗೊತ್ತಾಗಿದ್ದು ಆ ಮುಳ್ಳಿನಿಂದ ಮತ್ತು ಎಂಜಿನ್ ಸದ್ದಿನಿಂದ. ಬೆನ್ನಿಗೆ ಏನೂ ಗೊತ್ತಾಗಲಿಲ್ಲ. ಹಿಂದೆ ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸ್ತಾ ಇದ್ರು, ಒಂದು ಹನಿ ಚೆಲ್ಲಲಿಲ್ಲ.

ಇದು ಹೇಗೆ ಆಗುತ್ತೆ ಅನ್ನೋಕೆ ನಮ್ಮ ಹಾಸ್ಟೆಲ್ ಮೆಸ್ಸಿಗೆ ಬನ್ನಿ. ದೋಸೆ ದಿನ ಒಂದೇ ಕಾವಲಿ ಇದ್ರೆ ಏನಾಗುತ್ತೆ? ದೋಸೆ ತೆಗೀಬೇಕು, ಕಾವಲಿ ಒರೆಸಬೇಕು, ಹಿಟ್ಟು ಹುಯ್ಯಬೇಕು. ಅಷ್ಟು ಹೊತ್ತು ಲೈನಲ್ಲಿರೋರಿಗೆ ದೋಸೆ ಇಲ್ಲ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಅಂದ್ರೆ ಇದೇ. ಕ್ಲಚ್ ಒತ್ತಿದ ಕ್ಷಣದಿಂದ ಬಿಡೋವರೆಗೆ ಚಕ್ರಕ್ಕೆ ಎಂಜಿನ್ನಿನ ಟಾರ್ಕ್ ಇಲ್ಲ. ಎಎಂಟಿ ಕಾರುಗಳಲ್ಲೂ ಕಾವಲಿ ಒಂದೇ, ಹುಯ್ಯೋದು ಮಾತ್ರ ಮೋಟಾರ್. ಅದಕ್ಕೇ ಪ್ರತಿ ಗೇರಿಗೂ ತಲೆ ಮುಂದೆ ಹೋಗಿ ಹಿಂದೆ ಬರುತ್ತೆ.

ಈಗ ಎರಡು ಕಾವಲಿ ಇಟ್ಟುಕೊಳ್ಳಿ. ಒಂದರಲ್ಲಿ ದೋಸೆ ಬೇಯ್ತಾ ಇರುವಾಗಲೇ ಇನ್ನೊಂದರಲ್ಲಿ ಹಿಟ್ಟು ಹುಯ್ದಾಗಿರುತ್ತೆ. ಡ್ಯುಯಲ್ ಕ್ಲಚ್ಚಿನಲ್ಲಿ 1, 3, 5, 7ನೇ ಗೇರುಗಳು ಒಂದು ಕ್ಲಚ್ಚಿಗೆ ಸೇರಿವೆ, 2, 4, 6 ಇನ್ನೊಂದಕ್ಕೆ. ಒಂದು ಟೊಳ್ಳು ಶಾಫ್ಟು, ಅದರೊಳಗೆ ಇನ್ನೊಂದು ಶಾಫ್ಟು, ಪ್ರತಿಯೊಂದಕ್ಕೂ ಅದರದ್ದೇ ಕ್ಲಚ್. ಕಾರು ಮೂರನೇ ಗೇರಲ್ಲಿ ಓಡ್ತಾ ಇರುವಾಗಲೇ ಕಂಪ್ಯೂಟರ್ ನಾಲ್ಕನೇ ಗೇರನ್ನ ಇನ್ನೊಂದು ಶಾಫ್ಟಿನಲ್ಲಿ ಹಾಕಿ ಇಟ್ಟಿರುತ್ತೆ. ಅದರ ಕ್ಲಚ್ ತೆರೆದಿರೋದ್ರಿಂದ ನಮಗೆ ಗೊತ್ತಾಗಲ್ಲ. ಸಮಯ ಬಂದಾಗ ಒಂದು ಕ್ಲಚ್ ಸಡಿಲ ಆಗ್ತಾ ಆಗ್ತಾ ಇನ್ನೊಂದು ಬಿಗಿ ಆಗುತ್ತೆ. ರಿಲೇ ಓಟದಲ್ಲಿ ಬ್ಯಾಟನ್ ಕೊಡುವಾಗ ಒಂದು ಕ್ಷಣ ಇಬ್ಬರ ಕೈಯೂ ಅದರ ಮೇಲಿರುತ್ತಲ್ಲ, ಹಾಗೆ. ಚಕ್ರಕ್ಕೆ ಟಾರ್ಕ್ ನಿಲ್ಲೋದೇ ಇಲ್ಲ.

ಈ ಯೋಚನೆ ಹೊಸದೇನಲ್ಲ. ಅಡಾಲ್ಫ್ ಕೆಗ್ರೆಸ್ ಅನ್ನೋ ಫ್ರೆಂಚ್ ಎಂಜಿನಿಯರ್ 1939ರ ಹೊತ್ತಿಗೇ ಇದನ್ನ ರೂಪಿಸಿದ್ದ. ರಷ್ಯಾದ ತ್ಸಾರ್ ಎರಡನೇ ನಿಕೋಲಸ್‌ನ ಕಾರುಗಳನ್ನ ನೋಡಿಕೊಳ್ತಿದ್ದ ಮನುಷ್ಯ ಆತ. ಹಿಮದಲ್ಲಿ ಓಡೋ ಹಾಫ್-ಟ್ರ್ಯಾಕ್ ವಾಹನಕ್ಕೂ ಅವನದ್ದೇ ಹೆಸರಿದೆ. ಆದರೆ ಎರಡು ಕ್ಲಚ್ಚನ್ನ ಅಷ್ಟು ನಾಜೂಕಾಗಿ, ಅಷ್ಟು ಬೇಗ ಹಿಡಿದು ಬಿಡೋ ನಿಯಂತ್ರಣ ವ್ಯವಸ್ಥೆ ಆಗ ಎಲ್ಲಿತ್ತು? 1980ರ ದಶಕದಲ್ಲಿ ಪೋರ್ಷೆ ಮತ್ತು ಆಡಿ ರೇಸ್ ಕಾರುಗಳಲ್ಲಿ ಪ್ರಯೋಗ ಮಾಡಿದ್ವು. ಶೋರೂಮಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. ಅಂದ್ರೆ ಮೆಕ್ಯಾನಿಕಲ್‌ನವರು ಮಾಡಿದ ಡ್ರಾಯಿಂಗು ಎಲೆಕ್ಟ್ರಾನಿಕ್ಸ್‌ನವರಿಗಾಗಿ ಅರವತ್ತು ವರ್ಷಕ್ಕೂ ಹೆಚ್ಚು ಕಾಯಿತು. ಈ ವಾಕ್ಯವನ್ನ ನಮ್ಮ ಇಸಿ ಗೆಳೆಯರು ದಯವಿಟ್ಟು ಸ್ಟೇಟಸ್ ಹಾಕಿಕೊಳ್ಳಬೇಡಿ.

ಡೀಸೆಲ್ಲಿಗೂ ಇದಕ್ಕೂ ಯಾಕೆ ಇಷ್ಟು ಹೊಂದಾಣಿಕೆ?

ಡೀಸೆಲ್ ಎಂಜಿನ್ನಿನ ಶಕ್ತಿ ಒಂದು ಸಣ್ಣ ಕೋಣೆಯಲ್ಲಿದೆ. ಈ ಕಾರಿನಲ್ಲಿ 1,400 ಆರ್‌ಪಿಎಂ ಸುಮಾರಿಗೇ ಪೂರ್ತಿ ಟಾರ್ಕ್ ಸಿಗುತ್ತೆ, ನಾಲ್ಕು ಸಾವಿರ ದಾಟಿದ ಮೇಲೆ ಬರೀ ಸದ್ದು. ಪೆಟ್ರೋಲ್ ಎಂಜಿನ್ ಆರು ಸಾವಿರದವರೆಗೂ ಖುಷಿಯಾಗಿ ಹೋಗುತ್ತಲ್ಲ, ಇದಕ್ಕೆ ಆ ಜಾಗ ಇಲ್ಲ. ಹಾಗಾಗಿ ಬೇಗ ಬೇಗ ಗೇರ್ ಬದಲಿಸಬೇಕು, ಹೆಚ್ಚು ಗೇರುಗಳು ಬೇಕು.

ಎರಡನೇ ಕಾರಣ ಟರ್ಬೊ. ಮ್ಯಾನ್ಯುಯಲ್‌ನಲ್ಲಿ ಗೇರ್ ಬದಲಿಸುವಾಗ ಆಕ್ಸಿಲರೇಟರಿನಿಂದ ಕಾಲು ತೆಗೀತೀವಿ. ಎಕ್ಸಾಸ್ಟ್ ಹರಿವು ಕಡಿಮೆ ಆಗುತ್ತೆ, ಟರ್ಬೊ ಒತ್ತಡ ಬೀಳುತ್ತೆ, ಮತ್ತೆ ಒತ್ತಿದಾಗ ಮೊದಲಿಂದ ಕಟ್ಟಿಕೊಳ್ಳಬೇಕು. ಘಾಟಿಯಲ್ಲಿ ಎರಡರಿಂದ ಮೂರಕ್ಕೆ ಹಾಕಿದಾಗ ಕಾರು ಉಸಿರು ಬಿಟ್ಟ ಹಾಗೆ ಆಗೋದು ಇದಕ್ಕೇ. ಡ್ಯುಯಲ್ ಕ್ಲಚ್ಚಿನಲ್ಲಿ ಕಾಲು ತೆಗೆಯೋ ಪ್ರಶ್ನೆಯೇ ಇಲ್ಲ. ನೆಲ್ಯಾಡಿ ದಾಟಿದ ಮೇಲೆ ಒಂದು ಟ್ಯಾಂಕರ್ ಓವರ್‌ಟೇಕ್ ಮಾಡಿದೆ. ಒಂದೇ ಎಳೆತದಲ್ಲಿ ಮೂರು, ನಾಲ್ಕು, ಐದು. 109 ಪಿಎಸ್ ಅಂದ್ರೆ ಕಾಗದದ ಮೇಲೆ ದೊಡ್ಡ ಸಂಖ್ಯೆ ಅಲ್ಲ, ಕಾರೂ ರಾಕೆಟ್ ಅಲ್ಲ. ಆದರೆ ಇರೋದನ್ನ ಸೋರದ ಹಾಗೆ ಚಕ್ರಕ್ಕೆ ಮುಟ್ಟಿಸುತ್ತೆ.

ಆದರೆ ಎರಡು ಜಾಗದಲ್ಲಿ ಈ ಜಾಣತನ ಕೈಕೊಡುತ್ತೆ. ಒಂದು, ಊಹೆ ತಪ್ಪಿದಾಗ. ಆರನೇ ಗೇರಲ್ಲಿ ಆರಾಮಾಗಿ ಹೋಗ್ತಾ ಇದ್ದೀರಿ, ಗೇರ್‌ಬಾಕ್ಸ್ "ಇವನು ಮುಂದೆ ಏಳಕ್ಕೆ ಹೋಗ್ತಾನೆ" ಅಂತ ಏಳನ್ನ ರೆಡಿ ಇಟ್ಟಿದೆ. ನೀವು ಇದ್ದಕ್ಕಿದ್ದ ಹಾಗೆ ಪೂರ್ತಿ ಒತ್ತಿದ್ರೆ ಅದಕ್ಕೆ ನಾಲ್ಕು ಬೇಕು. ಆರೂ ನಾಲ್ಕೂ ಒಂದೇ ಕ್ಲಚ್ಚಿನ ಮಕ್ಕಳು. ನೇರ ಹೋಗೋಕಾಗಲ್ಲ, ಐದರ ಮೂಲಕ ಹೋಗಬೇಕು, ಇಲ್ಲಾಂದ್ರೆ ಒಂದು ಕ್ಷಣ ಟಾರ್ಕ್ ಬಿಡಬೇಕು. "ಒಂದ್ನಿಮಿಷ ಇರಿ ಸಾರ್" ಅಂದ ಹಾಗೆ ಒಂದು ಸಣ್ಣ ತಡೆ ಅನುಭವಕ್ಕೆ ಬರುತ್ತೆ.

ಇನ್ನೊಂದು, ನಿಂತಲ್ಲಿಂದ ಹೊರಡುವಾಗ. ಗುಂಡ್ಯದಲ್ಲಿ ಚಹಾ ಕುಡಿದು ಹೆದ್ದಾರಿಗೆ ಬರುವಾಗ ಇದನ್ನ ಕಲಿತೆ. ಬ್ರೇಕ್ ಒತ್ತಿ ನಿಂತಿದ್ದಕ್ಕೆ ಇಂಧನ ಉಳಿಸೋ ವ್ಯವಸ್ಥೆ ಎಂಜಿನ್ ಆಫ್ ಮಾಡಿತ್ತು. ಲಾರಿ ದೂರ ಇದೆ ಅಂತ ಕಾಲು ಒತ್ತಿದೆ. ಎಂಜಿನ್ ಸ್ಟಾರ್ಟ್ ಆಗಬೇಕು, ಕ್ಲಚ್ ಕಚ್ಚಬೇಕು, ಟರ್ಬೊ ಎದ್ದೇಳಬೇಕು, ಮೂರೂ ಸರದಿಯಲ್ಲಿ. ಒಂದು ಎದೆಬಡಿತದಷ್ಟು ಹೊತ್ತು ಕಾರು ಹೊರಡಲೇ ಇಲ್ಲ, ಆಮೇಲೆ ಒಮ್ಮೆಗೇ ನೆಗೆಯಿತು. ಮಾವ ಸದ್ದಿಲ್ಲದೆ ಡ್ಯಾಶ್‌ಬೋರ್ಡ್ ಹಿಡಿದುಕೊಂಡ್ರು. ಆಮೇಲೆ ಆ ವ್ಯವಸ್ಥೆಯ ಗುಂಡಿ ಒತ್ತಿ ಆಫ್ ಮಾಡಿ, "ಹೆದ್ದಾರಿಗೆ ಸೇರುವಾಗ ಇದು ಬೇಡ. ಗ್ಯಾಪ್ ಸಾಕು ಅನ್ನಿಸಿದ್ರೂ ಇನ್ನೊಂದು ವಾಹನ ಬಿಡು" ಅಂದ್ರು. ಅಪ್ಪನಿಗೆ ಹೇಳಬೇಕಾದ ಮೊದಲ ಪಾಠ ಅಂತ ಮನಸ್ಸಲ್ಲೇ ಬರೆದುಕೊಂಡೆ.

ಶಿರಾಡಿ: ನಾನು ಎರಡು ಗೀಸರ್ ಹಚ್ಚಿದ ಕತೆ

ಘಾಟಿ ಹತ್ತೋಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಜಾಮ್. ಮೇಲೆಲ್ಲೋ ಒಂದು ಲಾರಿ ಕೆಟ್ಟು ನಿಂತಿತ್ತು. ಏರಿನಲ್ಲಿ ಸಾಲು. ಎರಡು ಮೀಟರ್ ಮುಂದೆ, ನಿಲ್ಲು, ಮತ್ತೆ ಎರಡು ಮೀಟರ್.

ನಾನೇನು ಮಾಡಿದೆ ಅಂದ್ರೆ, ಬ್ರೇಕ್ ಯಾಕೆ ಅಂತ ಆಕ್ಸಿಲರೇಟರನ್ನ ತುಸುವೇ ಒತ್ತಿ ಕಾರನ್ನ ಏರಿನಲ್ಲೇ ತೇಲಿಸಿ ನಿಲ್ಲಿಸಿದೆ. ಹಿಂದೆ ಜಾರಲ್ಲ, ಮುಂದೆ ಹೋಗಲ್ಲ. ಮುಂದಿನ ಗಾಡಿ ಕದಲಿದ್ರೆ ಇನ್ನು ಸ್ವಲ್ಪ ಒತ್ತೋದು. ನನಗೇ ನನ್ನ ಬಗ್ಗೆ ಹೆಮ್ಮೆ ಆಗ್ತಾ ಇತ್ತು. ಹೀಗೆ ಐದಾರು ನಿಮಿಷ ಆಗಿರಬೇಕು. ಆಮೇಲೆ ಹೊರಡುವಾಗ ಕಾರು ನಡುಗೋಕೆ ಶುರುವಾಯ್ತು, ಚಳಿ ಬಂದವರ ಹಾಗೆ.

"ಬ್ರೇಕ್ ಒತ್ತು. ಪೂರ್ತಿ ಒತ್ತು. ಕಾಲು ತೆಗಿ ಆಕ್ಸಿಲರೇಟರಿಂದ" ಅಂದ್ರು ಮಾವ. ಅವತ್ತು ಮೊದಲ ಸಲ ಅವರ ದನಿ ಏರಿತ್ತು. ಬದಿಗೆ ಹಾಕಿ, ಪಾರ್ಕಿಗೆ ಹಾಕಿ, ಎಂಜಿನ್ ಹಾಗೇ ಓಡಲು ಬಿಟ್ಟು ಕಾಲು ಗಂಟೆ ಕಾದೆವು. ಅಜ್ಜಿ ಕಿತ್ತಳೆ ಸುಲಿದು ಎಲ್ಲರಿಗೂ ಹಂಚಿದ್ರು.

ತಪ್ಪು ಕಾರಿನದ್ದಲ್ಲ, ಪೂರ್ತಿ ನನ್ನದು. ಯಾಕೆ ಅಂತ ಆ ಕಾಲು ಗಂಟೆಯಲ್ಲಿ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕಿದೆ. ನೀವೂ ಜೊತೆಗೆ ಹಾಕಿ, ಪ್ಲಸ್ ಟು ಭೌತಶಾಸ್ತ್ರ ಸಾಕು.

ನಾವು ನಾಲ್ಕು ಜನ, ತೆಂಗಿನಕಾಯಿ, ಕಾರು ಎಲ್ಲ ಸೇರಿ ಸುಮಾರು 1,800 ಕೆ.ಜಿ. ಇಳಿಜಾರು ಹತ್ತಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಕಾರನ್ನ ಹಿಂದಕ್ಕೆ ಎಳೆಯೋ ಬಲ 1,800 × 9.8 × 0.1, ಅಂದ್ರೆ ಸುಮಾರು 1,760 ನ್ಯೂಟನ್. ಚಕ್ರದ ತ್ರಿಜ್ಯ 0.31 ಮೀಟರ್ ಅಂದ್ರೆ ಚಕ್ರಕ್ಕೆ ಬೇಕಾದ ಟಾರ್ಕ್ ಸುಮಾರು 545 ನ್ಯೂಟನ್ ಮೀಟರ್. ಮೊದಲ ಗೇರಿನ ಒಟ್ಟು ಅನುಪಾತ 15 ಅಂತ ಹಿಡಿದ್ರೆ ಕ್ಲಚ್ ಹೊರಬೇಕಾದ್ದು 36 ನ್ಯೂಟನ್ ಮೀಟರ್. ಇಷ್ಟೇನಾ ಅನ್ನಿಸುತ್ತೆ ಅಲ್ವಾ?

ಈಗ ಇನ್ನೊಂದು ಕಡೆ ನೋಡಿ. ಚಕ್ರ ನಿಂತಿದೆ, ಎಂಜಿನ್ 1,000 ಆರ್‌ಪಿಎಂನಲ್ಲಿ ತಿರುಗ್ತಾ ಇದೆ. ಅಂದ್ರೆ ಕ್ಲಚ್ಚಿನ ಒಂದು ಮುಖ ನಿಂತಿದೆ, ಇನ್ನೊಂದು ಸೆಕೆಂಡಿಗೆ 105 ರೇಡಿಯನ್ ವೇಗದಲ್ಲಿ ಅದರ ಮೇಲೆ ಉಜ್ತಾ ಇದೆ. 36 × 105 = ಸುಮಾರು 3,800 ವ್ಯಾಟ್. ಬಾತ್‌ರೂಮಿನ ಗೀಸರ್ 2,000 ವ್ಯಾಟ್. ಕಾರನ್ನ ಒಂದು ಇಂಚೂ ಮುಂದೆ ಕಳಿಸದೆ, ನಾನು ಗೇರ್‌ಬಾಕ್ಸಿನ ಒಳಗೆ ಹತ್ರಹತ್ರ ಎರಡು ಗೀಸರ್ ಹಚ್ಚಿಟ್ಟಿದ್ದೆ! ಐದು ನಿಮಿಷಕ್ಕೆ 1,140 ಕಿಲೋಜೂಲ್. ಗೇರ್‌ಬಾಕ್ಸಿನಲ್ಲಿ ಐದು ಕೆ.ಜಿ. ಎಣ್ಣೆ ಇದೆ, ಅದರ ವಿಶಿಷ್ಟೋಷ್ಣ ಕೆ.ಜಿ.ಗೆ ಡಿಗ್ರಿಗೆ 2 ಕಿಲೋಜೂಲ್ ಅಂದುಕೊಳ್ಳಿ. ಶಾಖ ಎಲ್ಲಿಗೂ ಹೋಗದಿದ್ರೆ ಎಣ್ಣೆ 114 ಡಿಗ್ರಿ ಹೆಚ್ಚು ಬಿಸಿಯಾಗುತ್ತೆ. ನಿಜದಲ್ಲಿ ಕೂಲರ್ ಇದೆ, ಲೋಹವೂ ಸ್ವಲ್ಪ ಹೀರಿಕೊಳ್ಳುತ್ತೆ, ಅಷ್ಟು ಏರಲ್ಲ. ಆದರೂ ಮಾವ ಯಾಕೆ ದನಿ ಏರಿಸಿದ್ರು ಅನ್ನೋದು ಅರ್ಥ ಆಯ್ತು.

ಟಾರ್ಕ್ ಕನ್ವರ್ಟರ್ ಇರೋ ಹಳೇ ಶೈಲಿಯ ಆಟೋಮ್ಯಾಟಿಕ್ಕಿನಲ್ಲಿ ಹೀಗೆ ಮಾಡಿದ್ರೂ ಬಿಸಿ ಆಗುತ್ತೆ. ಆದರೆ ಅಲ್ಲಿ ಜಾರೋದು ದ್ರವ, ಸವೆಯೋಕೆ ಏನೂ ಇಲ್ಲ. ಇಲ್ಲಿ ಜಾರೋದು ಘರ್ಷಣೆಯ ಫಲಕಗಳು. ವೆಟ್ ಕ್ಲಚ್ಚಿನಲ್ಲಿ ಎಣ್ಣೆ ಶಾಖ ಹೊತ್ತೊಯ್ಯುತ್ತೆ, ಹಾಗಾಗಿ ಸ್ವಲ್ಪ ತಡಕೊಳ್ಳುತ್ತೆ. ಸಣ್ಣ ಕಾರುಗಳಲ್ಲಿ ಬರೋ ಡ್ರೈ ಕ್ಲಚ್ಚಿಗೆ ಆ ಸೌಕರ್ಯವೂ ಇಲ್ಲ. ನೆನಪಿಡಬೇಕಾದ್ದು ಇಷ್ಟೇ: ಡ್ಯುಯಲ್ ಕ್ಲಚ್ ಹೊರಗಿಂದ ಆಟೋಮ್ಯಾಟಿಕ್, ಒಳಗೆ ಅದು ಮ್ಯಾನ್ಯುಯಲ್ಲೇ. ಅರ್ಧ ಕ್ಲಚ್ಚಿನಲ್ಲಿ ಏರು ನಿಲ್ಲಿಸಬೇಡ ಅಂತ ಡ್ರೈವಿಂಗ್ ಸ್ಕೂಲಲ್ಲಿ ಬೈತಾರಲ್ಲ, ಅದೇ ಬೈಗುಳ ಇದಕ್ಕೂ ಅನ್ವಯ. ವ್ಯತ್ಯಾಸ ಏನಂದ್ರೆ ಇಲ್ಲಿ ಕ್ಲಚ್ ಪೆಡಲ್ ಇಲ್ಲ, ತಪ್ಪು ಕಾಲಿಗೆ ಗೊತ್ತಾಗಲ್ಲ.

ಪರಿಹಾರ ಕಾರಿನಲ್ಲೇ ಇತ್ತು. ನಿಂತ ಮೇಲೆ ಬ್ರೇಕನ್ನ ಇನ್ನೊಮ್ಮೆ ಜೋರಾಗಿ ಒತ್ತಿದ್ರೆ ಡಿಸ್‌ಪ್ಲೇನಲ್ಲಿ 'ಹೋಲ್ಡ್' ಅಂತ ಬರುತ್ತೆ. ಆಮೇಲೆ ಕಾಲು ತೆಗೆದ್ರೂ ಕಾರು ಬ್ರೇಕಿನ ಮೇಲೆ ನಿಂತಿರುತ್ತೆ, ಕ್ಲಚ್ ತೆರೆದುಕೊಂಡಿರುತ್ತೆ. ಆಕ್ಸಿಲರೇಟರ್ ಒತ್ತಿದಾಗ ತಾನೇ ಬಿಡುತ್ತೆ. ಇನ್ನೊಂದು ಉಪಾಯ ಮಾವ ಹೇಳಿಕೊಟ್ಟದ್ದು: ಮುಂದಿನ ಗಾಡಿ ಎರಡು ಮೀಟರ್ ಹೋದ ತಕ್ಷಣ ಹೋಗಬೇಡ. ಹತ್ತು ಮೀಟರ್ ಜಾಗ ಆಗಲಿ, ಆಮೇಲೆ ಕ್ಲಚ್ ಪೂರ್ತಿ ಹಿಡಿಯೋ ಹಾಗೆ ಒಂದೇ ಸಲ ಹೋಗು. ನಡುವೆ ಬೈಕಿನವರು ನುಗ್ತಾರೆ, ನುಗ್ಗಲಿ. ಉಳಿದ ಘಾಟಿಯನ್ನ ಹೀಗೇ ಹತ್ತಿದೆವು, ಕಾರು ಮತ್ತೆ ನಡುಗಲಿಲ್ಲ.

ಇಳಿಯೋದು ಹತ್ತೋದಕ್ಕಿಂತ ಬೇರೆ

ಮಾರನೇ ದಿನ ಮಾವನನ್ನ ವಾಪಸ್ ಬಿಡೋಕೆ ನಾನೇ ಹೋದೆ (ಬರುವಾಗ ಕೆಂಪು ಬಸ್). ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಘಾಟಿಯ ಬುಡಕ್ಕೆ ಬರುವಷ್ಟರಲ್ಲಿ 800 ಮೀಟರ್ ಇಳೀತೀವಿ ಅಂದ್ರೆ 1,600 ಕೆ.ಜಿ. ಕಾರು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು ಮೂರೂವರೆ ಯೂನಿಟ್ ಕರೆಂಟಿನಷ್ಟು. ಗಾಳಿ ಸ್ವಲ್ಪ ತಿನ್ನುತ್ತೆ, ಉಳಿದದ್ದನ್ನ ಬ್ರೇಕ್ ತಿನ್ನಬೇಕು, ಇಲ್ಲಾ ಎಂಜಿನ್ ತಿನ್ನಬೇಕು.

ಇಲ್ಲಿ ಡೀಸೆಲ್ಲಿನ ಒಂದು ಗುಣ ಗೊತ್ತಿರಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದ್ರೆ ಥ್ರಾಟಲ್ ಮುಚ್ಚಿಕೊಳ್ಳುತ್ತೆ. ಪಿಸ್ಟನ್‌ಗಳು ನಿರ್ವಾತದ ವಿರುದ್ಧ ಎಳೆದಾಡಿ ವೇಗ ತಗ್ಗಿಸುತ್ತವೆ. ಡೀಸೆಲ್ ತನ್ನ ಶಕ್ತಿಯನ್ನ ಇಂಧನದ ಅಳತೆಯಿಂದ ನಿಯಂತ್ರಿಸುತ್ತೆ, ಥ್ರಾಟಲ್‌ನಿಂದ ಅಲ್ಲ. ಗಾಳಿ ಒಳಗೆ ಬರುತ್ತೆ, ಒತ್ತಿಕೊಳ್ಳುತ್ತೆ, ಸ್ಪ್ರಿಂಗಿನ ಹಾಗೆ ಮತ್ತೆ ಪಿಸ್ಟನ್ನನ್ನ ತಳ್ಳುತ್ತೆ. ಹಾಗಾಗಿ ಮೇಲಿನ ಗೇರಿನಲ್ಲಿ ಎಂಜಿನ್ ಬ್ರೇಕಿಂಗ್ ಅಷ್ಟಕ್ಕಷ್ಟೇ.

ಕಾರನ್ನ 'ಇ' ಮೋಡಿನಲ್ಲಿ, ಅಂದ್ರೆ ಉಳಿತಾಯದ ಮೋಡಿನಲ್ಲಿ ಬಿಟ್ರೆ ಅದು ಮೇಲಿನ ಗೇರನ್ನೇ ಇಷ್ಟಪಡುತ್ತೆ. ಮೊದಲ ಎರಡು ತಿರುವಿನಲ್ಲಿ ನಾನು ಬ್ರೇಕ್ ಮೇಲೇ ಕೂತಿದ್ದೆ. ಆಮೇಲೆ ಸ್ಟೀರಿಂಗಿನ ಹಿಂದಿನ ಪ್ಯಾಡಲ್ ಎಳೆದು ಮೂರಕ್ಕೆ, ಕಡಿದಾದ ಕಡೆ ಎರಡಕ್ಕೆ ತಂದೆ. ಆರ್‌ಪಿಎಂ ಏರಿತು, ಕಾರು ಎಂಜಿನ್ನಿನ ಹಿಡಿತಕ್ಕೆ ಬಂತು, ಬ್ರೇಕ್ ತಿರುವಿನ ಹತ್ರ ಮಾತ್ರ ಸಾಕಾಯ್ತು. ಕ್ಲಚ್ ಇಲ್ಲಿ ಪೂರ್ತಿ ಮುಚ್ಚಿಕೊಂಡಿರುತ್ತೆ, ನಿನ್ನೆಯ ಹಾಗೆ ಜಾರೋದಿಲ್ಲ, ಹಾಗಾಗಿ ಬಿಸಿ ಆಗೋ ಭಯವೂ ಇಲ್ಲ. ಇಡೀ ಪ್ರಯಾಣದಲ್ಲಿ ಈ ಗೇರ್‌ಬಾಕ್ಸ್ ನನಗೆ ಅತಿ ಇಷ್ಟ ಆಗಿದ್ದು ಈ ಇಳಿಜಾರಿನಲ್ಲೇ.

ಅಪ್ಪ ಓಡಿಸಿದ್ದು

ನಡುವೆ ಒಂದು ಸಂಜೆ ಬಿಟ್ಟೆ. ಹತ್ತಿ ಬಂದ ದಿನವೇ ಸಂಜೆ ನಾಲ್ಕಕ್ಕೆ ಅಪ್ಪ ಅಂಗಳಕ್ಕೆ ಬಂದು ಕಾರಿನ ಸುತ್ತ ಎರಡು ಸುತ್ತು ಹಾಕಿದ್ರು. "ಭಾವ, ಕೂತ್ಕೊಳ್ಳಿ" ಅಂದ್ರು ಮಾವ. "ಬೇಡಪ್ಪ, ನಿನ್ನ ಬೆಂಜು ಗಿಂಜು" ಅಂತ ಒಂದೈದು ನಿಮಿಷ ಹೇಳಿ ಆಮೇಲೆ ಕೂತರು. ತೋಟದ ರಸ್ತೆಯ ಹಂಪುಗಳ ಹತ್ರ ನಾವು ಇಳಿದು, ಕಾರಿನ ಹೊಟ್ಟೆ ನೋಡಿಕೊಂಡು, ಓರೆಯಾಗಿ ದಾಟಿಸಿದೆವು. ನೆಲಕ್ಕೆ ಹತ್ರ ಇರೋ ಕಾರು ಇದು, ನಮ್ಮ ತೋಟದ ರಸ್ತೆಯನ್ನ ಲೆಕ್ಕಕ್ಕೆ ಇಟ್ಟು ಮಾಡಿದ್ದಲ್ಲ.

ಹೆದ್ದಾರಿಗೆ ಬಂದು ಹಾಸನದ ಕಡೆ ತಿರುಗಿದೆವು. ಇಪ್ಪತ್ತರ ವೇಗಕ್ಕೆ ಬಂದಿರಬಹುದು, ಅಪ್ಪನ ಎಡಗಾಲು ಇಪ್ಪತ್ತೆಂಟು ವರ್ಷದ ಅಭ್ಯಾಸದಿಂದ ಕ್ಲಚ್ ಹುಡುಕಿತು. ಅಲ್ಲಿ ಕ್ಲಚ್ ಇಲ್ಲ, ಅಗಲವಾದ ಬ್ರೇಕ್ ಪೆಡಲ್ ಇದೆ. ಕ್ಲಚ್ ತುಳಿಯೋ ಬಲದಲ್ಲಿ ಬ್ರೇಕ್ ತುಳಿದ್ರು. ನಾವೆಲ್ಲ ಸೀಟ್ ಬೆಲ್ಟಿಗೆ ಜೋತುಬಿದ್ದೆವು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಮ್ಯಾನ್ಯುಯಲ್‌ನಿಂದ ಬಂದವರು ಹೆಚ್ಚಿನವರು ಒಮ್ಮೆಯಾದ್ರೂ ಮಾಡೋ ತಪ್ಪು ಇದು. ನಿಮ್ಮ ಮನೆಯಲ್ಲಿ ಯಾರಾದ್ರೂ ಹೊಸದಾಗಿ ಆಟೋಮ್ಯಾಟಿಕ್ ಹಿಡಿಯುವಾಗ ಎಡಗಾಲನ್ನ ಹಿಂದಕ್ಕೆ, ಸೀಟಿನ ಬುಡಕ್ಕೆ ಮಡಚಿಟ್ಟುಕೊಳ್ಳೋಕೆ ಹೇಳಿ. ಮೊದಲು ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಓಡಿಸಲಿ. ನಾವು ಆ ಅರ್ಧ ಗಂಟೆ ಕೊಡದೆ ನೇರ ಹೆದ್ದಾರಿಗೆ ಬಂದದ್ದು ತಪ್ಪು.

ಅಪ್ಪನ ಕಾಲಿಗೆ ಮಡಚೋದು ಕಷ್ಟ, ಪಕ್ಕದ ಫುಟ್‌ರೆಸ್ಟಿನ ಮೇಲೆ ಚಾಚಿಟ್ರು. ಬಾಳ್ಳುಪೇಟೆ ಬರುವಷ್ಟರಲ್ಲಿ ಸುಧಾರಿಸಿಕೊಂಡ್ರು. ಆಲೂರು ದಾಟಿದ ಮೇಲೆ ಯಾರೂ ಮಾತಾಡಲಿಲ್ಲ. ಅಪ್ಪ ಕನ್ನಡಿ ನೋಡ್ತಾ, ಇಂಡಿಕೇಟರ್ ಅನ್ನ ಸರಿಯಾದ ಕೈಯಲ್ಲಿ ಹಾಕ್ತಾ, ಒಂದು ಟ್ರ್ಯಾಕ್ಟರ್ ದಾಟಿಸಿದ್ರು. ಎಂಟು ತಿಂಗಳಾದ ಮೇಲೆ ಅವರ ಮುಖದಲ್ಲಿ ಆ ಹಳೇ ಗತ್ತು ನೋಡಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ರು.

ಹಾಗಾದ್ರೆ ತಗೊಂಡ್ವಾ?

ಇಲ್ಲ. ರಾತ್ರಿ ಊಟ ಆದ ಮೇಲೆ ಅಪ್ಪ ಕೇಳಿದ್ರು, "ನೀನು ಹೇಳು, ಎಂಜಿನಿಯರು." ನಾನು ಹೇಳಿದ್ದು ಇಷ್ಟು.

ಓಡಿಸೋಕೆ ಚೆನ್ನಾಗಿದೆ. ಹೆದ್ದಾರಿಯಲ್ಲಿ ಡಿಸ್‌ಪ್ಲೇ ಲೀಟರಿಗೆ 16ರ ಆಸುಪಾಸು ತೋರಿಸಿತು. ನಿಮ್ಮ ಕಾಲಿಗೆ ಖಂಡಿತ ಆರಾಮ. ಆದರೆ ನಿಮ್ಮ ನಿತ್ಯದ ದಾರಿ ಹೆದ್ದಾರಿ ಅಲ್ಲ. ತೋಟದ ಏರು, ಸಂತೆಯ ಇಕ್ಕಟ್ಟು, ಘಾಟಿಯ ಜಾಮು. ಡ್ಯುಯಲ್ ಕ್ಲಚ್ಚಿಗೆ ಇಷ್ಟವಾಗದ್ದು ಇವೇ ಮೂರು. ಹತ್ತು ವರ್ಷ ದಾಟಿದ ಕಾರಿನಲ್ಲಿ ಗೇರ್‌ಬಾಕ್ಸಿನ ಕ್ಲಚ್ ಅಥವಾ ನಿಯಂತ್ರಣ ಘಟಕ ಕೈಕೊಟ್ರೆ ಸಕಲೇಶಪುರದಲ್ಲಿ ಬಿಚ್ಚೋರಿಲ್ಲ, ಮಂಗಳೂರಿಗೋ ಬೆಂಗಳೂರಿಗೋ ಎಳೆಸಿಕೊಂಡು ಹೋಗಬೇಕು. ನಿಮಗೆ ಬೇಕಾದ್ದು ಕ್ಲಚ್ ಪೆಡಲ್ ಇಲ್ಲದ ಕಾರು, ಎರಡು ಕ್ಲಚ್ಚಿನ ಕಾರೇ ಆಗಬೇಕು ಅಂತಿಲ್ಲ. ಟಾರ್ಕ್ ಕನ್ವರ್ಟರ್ ಇರೋ, ನೆಲದಿಂದ ಎತ್ತರ ಇರೋ ಕಾರು ನೋಡೋಣ.

ಮಾವ ಬೇಜಾರು ಮಾಡಿಕೊಳ್ಳಲಿಲ್ಲ. "ಸರಿಯಾಗೇ ಹೇಳಿದ. ದಿನಾ ಮಂಗಳೂರು–ಉಡುಪಿ ಓಡಾಡೋರಿಗೆ ಇದು ಕೊಡಬೇಕು" ಅಂದ್ರು.

ನಿಮ್ಮ ಮನೆಯಲ್ಲೂ ಹಳೇ ಡ್ಯುಯಲ್ ಕ್ಲಚ್ ಕಾರಿನ ಮಾತು ಬಂದ್ರೆ ನಾಲ್ಕು ವಿಷಯ ನೋಡಿ. ವೆಟ್ ಕ್ಲಚ್ ಆಗಿದ್ರೆ ಗೇರ್‌ಬಾಕ್ಸ್ ಎಣ್ಣೆ ಮತ್ತು ಫಿಲ್ಟರ್ ಬದಲಿಸಿದ ದಾಖಲೆ ಕೇಳಿ, ಯಾಕಂದ್ರೆ ಕ್ಲಚ್ ಸವೆದ ಪುಡಿ ಆ ಎಣ್ಣೆಯಲ್ಲೇ ಸೇರುತ್ತೆ. ಎಂಜಿನ್ ತಣ್ಣಗಿರುವಾಗ ಒಮ್ಮೆ, ಒಂದು ಗಂಟೆ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ, ಕೆಲವು ಕಾಯಿಲೆ ಬಿಸಿಯಲ್ಲಿ ಮಾತ್ರ ಕಾಣುತ್ತೆ. ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಹೊರಡಿಸಿ, ನಡುಕ ಇದೆಯಾ ನೋಡಿ. ರಿವರ್ಸಿನಲ್ಲಿ ಒಂದು ಸಣ್ಣ ಏರು ಹತ್ತಿಸಿ, ಹಿಂಜರಿಯುತ್ತಾ ಗಮನಿಸಿ. ಇಷ್ಟು ಮಾಡೋಕೆ ಮಾರೋರು ಒಪ್ಪದಿದ್ರೆ ಅದೇ ಐದನೇ ಉತ್ತರ.

ಮಾವನ ಕಾರು ಹೋಯ್ತು. ಅಪ್ಪನ ಹುಡುಕಾಟ ಇನ್ನೂ ನಡೀತಾ ಇದೆ, ದಿನಾ ರಾತ್ರಿ ಒಂದೊಂದು ಕಾರಿನ ಫೋಟೊ ಕಳಿಸ್ತಾರೆ. ಜೊತೆಗೆ ಒಂದೇ ಪ್ರಶ್ನೆ: "ಇದರ ಒಳಗೆ ಎಷ್ಟು ಕ್ಲಚ್ ಇದೆ?" ಮೇಡಂ ಮುಂದಿನ ವೈವಾದಲ್ಲಿ ಅದನ್ನೇ ಕೇಳಲಿ, ಈ ಸಲ ನಾನು ತಯಾರಾಗಿದ್ದೀನಿ.